ಮೊದಲು ಹೇಳಿದ ಬೆಲೆ

ಪುಲಿಕೇಶಿನಗರಕ್ಕೆ ಎರಡು ಹೆಸರು. ಪೊಲೀಸ್ ಠಾಣೆಯ ಬೋರ್ಡಿನಲ್ಲಿ, ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಇರುವುದು ಪುಲಿಕೇಶಿ. ಆಟೊದವರ ಬಾಯಲ್ಲಿ, ಬಾಡಿಗೆ ಮನೆಯ ಜಾಹೀರಾತಿನಲ್ಲಿ, ರಂಜಾನ್ ತಿಂಗಳಲ್ಲಿ ಮಾಸ್ಕ್ ರೋಡಿನ ತಿಂಡಿ ಹುಡುಕಿಕೊಂಡು ಬರುವವರ ಫೋನಿನಲ್ಲಿ ಇರುವುದು ಫ್ರೇಜರ್ ಟೌನ್. 1898ರ ಪ್ಲೇಗು ಬೆಂಗಳೂರನ್ನು ಹಿಂಡಿ ಹಾಕಿದ ಮೇಲೆ, ಕಂಟೋನ್ಮೆಂಟಿನ ಇಕ್ಕಟ್ಟಾದ ಕೇರಿಗಳ ಜನದಟ್ಟಣೆ ಇಳಿಸಲೆಂದು ಕಳೆದ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ಬಡಾವಣೆ ಇದು. ಮೈಸೂರಿನ ರೆಸಿಡೆಂಟ್ ಆಗಿದ್ದ, ಅದಕ್ಕೆ ಮೊದಲು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿದ್ದ ಸ್ಟೂವರ್ಟ್ ಫ್ರೇಜರ್ ಹೆಸರನ್ನು ಅದಕ್ಕಿಟ್ಟರು. ಆ ಹೆಸರನ್ನು ಬದಲಾಯಿಸಿ ಬಾದಾಮಿಯ ಚಾಲುಕ್ಯ ದೊರೆಯನ್ನು ತಂದು ಕೂರಿಸಿ ಎಷ್ಟೋ ವರ್ಷಗಳಾದವು. ಊರು ಮಾತ್ರ ಎರಡನ್ನೂ ಇಟ್ಟುಕೊಂಡಿದೆ.

ಈಗ ಒಂದು ಕತೆಯ ಮೊದಲ ವಾಕ್ಯ ಹೀಗಿದೆ ಎಂದುಕೊಳ್ಳಿ: ಫ್ರೇಜರ್ ಟೌನಿನ ಹಳೆಯ ಮನೆಯೊಂದರಲ್ಲಿ ಒಬ್ಬ ಮುದುಕಿ ಇದ್ದಳು. ಓದುಗನ ಮನಸ್ಸಿನಲ್ಲಿ ಆಗಲೇ ಕೆಂಪು ಹೆಂಚು, ಮೂಲೆಯಲ್ಲಿ ಪಿಯಾನೊ, ಕ್ರಿಸ್‌ಮಸ್ ಕೇಕು. ಅದೇ ಮುದುಕಿಯನ್ನು ಅದೇ ಮನೆಯಲ್ಲಿಟ್ಟು ‘ಪುಲಿಕೇಶಿನಗರದ ಹಳೆಯ ಮನೆಯೊಂದರಲ್ಲಿ’ ಎಂದು ಬರೆದರೆ ಪಿಯಾನೊ ಮಾಯ. ಬದಲಿಗೆ ಖಾತೆಯ ತಕರಾರು, ನೀರಿನ ಟ್ಯಾಂಕರು, ಕಾರ್ಪೊರೇಟರನ ಕಟೌಟು ಬರುತ್ತವೆ. ಕತೆ ಇನ್ನೂ ಶುರುವಾಗಿಲ್ಲ. ಆದರೆ ಓದುಗ ಒಂದು ಅಂದಾಜು ಹಾಕಿ ಆಯಿತು. ಮುಂದೆ ಬರುವ ಪ್ರತಿ ವಿವರವನ್ನೂ ಅವನು ಆ ಅಂದಾಜಿಗೆ ಹತ್ತಿರವೋ ದೂರವೋ ಎಂದು ಅಳೆಯುತ್ತಾನೆ. ಮುದುಕಿ ಮನೆಯಲ್ಲಿ ದಖ್ಖನಿ ಆಡುವವಳು, ಹೊತ್ತು ಹೋಗಲು ಕನ್ನಡದ ಕಾದಂಬರಿ ಓದುವವಳು ಎಂದು ಮೂರನೆಯ ಪುಟದಲ್ಲಿ ಗೊತ್ತಾದರೆ, ಎರಡೂ ಥರದ ಓದುಗರಿಗೆ ಅದು ‘ಅಚ್ಚರಿ’. ಪುಲಿಕೇಶಿನಗರದಲ್ಲಿ ಹುಟ್ಟಿ ಬೆಳೆದವರಿಗೆ ಅಚ್ಚರಿಯೇನೂ ಅಲ್ಲ.

ಇದೇ ಬೀದಿಗಳಿಂದ ಒಂದಿಷ್ಟು ದೂರ ನಡೆದರೆ ಕಮರ್ಷಿಯಲ್ ಸ್ಟ್ರೀಟು, ಶಿವಾಜಿನಗರ. ಅಲ್ಲಿನ ಚೌಕಾಸಿಯಲ್ಲಿ ಈ ಗುಟ್ಟನ್ನು ಎಲ್ಲರೂ ಬಲ್ಲರು. ಅಂಗಡಿಯವನು ಚಪ್ಪಲಿಗೆ ಎಂಟುನೂರು ಅನ್ನುತ್ತಾನೆ. ನೀವು ಹೌಹಾರಿ ನಾನೂರಕ್ಕೆ ಕೇಳುತ್ತೀರಿ. ಐನೂರೈವತ್ತಕ್ಕೆ ಮುಗಿಯುತ್ತದೆ; ಗೆದ್ದ ಸಂತೋಷದಲ್ಲಿ ಮನೆಗೆ ಬರುತ್ತೀರಿ. ಅವನು ಮೊದಲೇ ನಾನೂರು ಅಂದಿದ್ದರೆ ನೀವು ಕೇಳುತ್ತಿದ್ದುದು ಇನ್ನೂರಕ್ಕೆ. ಚಪ್ಪಲಿ ಅದೇ, ಚರ್ಮ ಅದೇ. ನಿಮ್ಮ ಲೆಕ್ಕ ಶುರುವಾದದ್ದು ಅವನು ನೆಟ್ಟ ಜಾಗದಿಂದ. ಮನಶ್ಶಾಸ್ತ್ರದವರು ಇದನ್ನು ಲಂಗರು ಅನ್ನುತ್ತಾರೆ. ಸಮುದ್ರವಿಲ್ಲದ ನಮ್ಮ ಊರಿಗೆ ಗೂಟ ಎಂಬ ಮಾತೇ ಚೆನ್ನ. ಗೂಟಕ್ಕೆ ಕಟ್ಟಿದ ಹಸು ತಾನು ಸ್ವತಂತ್ರವಾಗಿ ಮೇಯುತ್ತಿದ್ದೇನೆ ಅಂದುಕೊಳ್ಳುತ್ತದೆ. ಅದು ಮೇಯ್ದ ಹುಲ್ಲು ಮಾತ್ರ ಹಗ್ಗದ ಉದ್ದದಷ್ಟು ಗುಂಡಗೆ ಕಾಣುತ್ತದೆ.

ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನ್ಮನ್ 1974ರಲ್ಲಿ ಬರೆದ ಲೇಖನದಿಂದ ಈ ಚರ್ಚೆ ಪ್ರಸಿದ್ಧವಾಯಿತು. ಜನರ ಮುಂದೆ ಒಂದು ಅದೃಷ್ಟಚಕ್ರ ತಿರುಗಿಸಿದರು. ಅದು 10ರಲ್ಲೋ 65ರಲ್ಲೋ ಮಾತ್ರ ನಿಲ್ಲುವಂತೆ ಮೊದಲೇ ಹೊಂದಿಸಿದ್ದರು. ಆಮೇಲೆ ಕೇಳಿದ್ದು, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟು ಅಂತ. 10 ನೋಡಿದವರ ಮಧ್ಯಮ ಅಂದಾಜು 25. 65 ನೋಡಿದವರದು 45. ಚಕ್ರಕ್ಕೂ ಆಫ್ರಿಕಕ್ಕೂ ಏನೂ ಸಂಬಂಧವಿಲ್ಲ ಎಂಬುದು ಅವರಿಗೆ ಕಣ್ಣಿಗೇ ಕಾಣುತ್ತಿತ್ತು. ಜರ್ಮನಿಯ ಫ್ರಿಟ್ಸ್ ಸ್ಟ್ರಾಕ್ ಮತ್ತು ಥಾಮಸ್ ಮುಸ್ಸ್ವೈಲರ್ 1997ರಲ್ಲಿ ನಮಗೆ ಇನ್ನೂ ಹತ್ತಿರದ ಪ್ರಶ್ನೆ ಕೇಳಿದರು. ಕೆಲವರಿಗೆ: ಗಾಂಧಿ ಸತ್ತದ್ದು 140 ವರ್ಷಕ್ಕೆ ಮೊದಲೋ ಆಮೇಲೋ? ಕೆಲವರಿಗೆ: 9 ವರ್ಷಕ್ಕೆ ಮೊದಲೋ ಆಮೇಲೋ? ಎರಡೂ ಹಾಸ್ಯಾಸ್ಪದ. ಆದರೂ ಮೊದಲ ಗುಂಪು ಗಾಂಧಿಯ ವಯಸ್ಸನ್ನು ಸರಾಸರಿ 67 ಎಂದೂ ಎರಡನೆಯ ಗುಂಪು 50 ಎಂದೂ ಅಂದಾಜು ಮಾಡಿತು. ಗಾಂಧೀಜಿಗೆ ಆಗ 78.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಎರಡು ವಿವರಣೆಗಳಿವೆ. ಸಾಹಿತ್ಯದ ಓದುಗರಿಗೆ ಎರಡೂ ಬೇಕು. ಒಂದು, ಮನಸ್ಸು ಗೂಟದಿಂದ ಹೊರಟು ಸ್ವಲ್ಪ ದೂರ ಸರಿದು, ಸಾಕು ಅನ್ನಿಸಿದ ಕಡೆ ನಿಂತುಬಿಡುತ್ತದೆ. ಸರಿಯುತ್ತದೆ, ಸಾಲದಷ್ಟು ಸರಿಯುತ್ತದೆ. ಇನ್ನೊಂದು, ಸ್ಟ್ರಾಕ್ ಮತ್ತು ಮುಸ್ಸ್ವೈಲರ್ ಹೇಳುವುದು, ಹೆಚ್ಚು ಸೂಕ್ಷ್ಮ. ‘ಇದು ಅಷ್ಟು ಇದೆಯೇ?’ ಎಂದು ಕೇಳಿದ ಕೂಡಲೇ ಮನಸ್ಸು ‘ಹೌದು’ ಅನ್ನಲು ಬೇಕಾದ ಸಾಕ್ಷಿಗಳನ್ನೇ ನೆನಪಿನಿಂದ ಹೆಕ್ಕತೊಡಗುತ್ತದೆ. 140 ಅಂದಾಗ ಕೋಲು, ಬೋಳು ತಲೆ, ಬಾಗಿದ ಬೆನ್ನು ನೆನಪಾಗುತ್ತವೆ. ಹೆಕ್ಕಿದ್ದು ಕೈಯಲ್ಲಿರುವಾಗಲೇ ಅಂದಾಜು ಹಾಕುತ್ತೇವೆ.

ಈ ಎರಡನೆಯ ಕೆಲಸಕ್ಕೆ ಕನ್ನಡದಲ್ಲಿ ಒಂದು ಗೌರವದ ಹೆಸರಿದೆ: ವಿಮರ್ಶೆ.

ನಮ್ಮ ವಿಮರ್ಶೆಯ ಶಬ್ದಕೋಶವನ್ನೇ ನೋಡಿ. ಬೆಲೆ ಕಟ್ಟುವುದು, ತೂಗಿ ನೋಡುವುದು, ಮೌಲ್ಯಮಾಪನ, ಒರೆಗೆ ಹಚ್ಚುವುದು. ಎಲ್ಲವೂ ಪೇಟೆಯ ಮಾತುಗಳು, ಹೆಚ್ಚಾಗಿ ಚಿನಿವಾರರ ಕಟ್ಟೆಯವು. ಒರೆಗಲ್ಲಿನ ಉಪಮೆಯನ್ನು ಇಂಗ್ಲಿಷಿನಲ್ಲಿ ಮ್ಯಾಥ್ಯೂ ಅರ್ನಾಲ್ಡ್ 1880ರ ಹೊತ್ತಿಗೆ ಒಂದು ಪದ್ಧತಿಯನ್ನಾಗಿಯೇ ಮಾಡಿದ: ದೊಡ್ಡ ಕವಿಗಳ ಕೆಲವು ಸಾಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದ ಕಾವ್ಯವನ್ನೆಲ್ಲ ಅದಕ್ಕೆ ಉಜ್ಜಿ ನೋಡಬೇಕು. ನಮ್ಮ ಕಾಲೇಜುಗಳಲ್ಲಿ ಅರ್ನಾಲ್ಡನ ಹೆಸರು ಮರೆತವರೂ ಈ ಪದ್ಧತಿಯನ್ನು ಬಿಟ್ಟಿಲ್ಲ. ಅಕ್ಕಸಾಲಿಗ ಉಜ್ಜುವುದು ಚಿನ್ನದ ಪಕ್ಕ ಚಿನ್ನವನ್ನು. ಒಂದೇ ಲೋಹ, ಹೆಚ್ಚು ಕಡಿಮೆ ಮಟ್ಟ. ಕುಮಾರವ್ಯಾಸನ ಪಕ್ಕದಲ್ಲಿ ವೈದೇಹಿಯವರ ಕತೆಯನ್ನು ಉಜ್ಜಿದರೆ ಕಲ್ಲಿನ ಮೇಲೆ ಏನು ಗೆರೆ ಮೂಡಬೇಕು?

ಹೋಲಿಕೆಯ ಈ ಆಸೆ ವಿಮರ್ಶಕರದು ಮಾತ್ರ ಅಲ್ಲ, ಕವಿಗಳದ್ದೂ ಹೌದು. ಪುಲಿಕೇಶಿಯ ಹೆಸರು ಬಂದಿರುವುದರಿಂದ ಅವನ ಕವಿಯನ್ನೇ ನೋಡಬಹುದು. ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ಬರೆದ ಸಂಸ್ಕೃತ ಪ್ರಶಸ್ತಿ ಇದೆ. ಶಕ 556, ಅಂದರೆ ಕ್ರಿ.ಶ. 634–35. ಅದರ ಕೊನೆಯಲ್ಲಿ ರವಿಕೀರ್ತಿ ತನ್ನ ಕಾವ್ಯದಿಂದ ಕಾಳಿದಾಸ ಭಾರವಿಯರ ಕೀರ್ತಿ ತನಗೆ ಬಂದಿದೆ ಎಂದು ತಾನೇ ಹೇಳಿಕೊಳ್ಳುತ್ತಾನೆ. ಅಂಗಡಿಯವನ ಹಾಗೆ ಮೊದಲ ಬೆಲೆ ಅವನೇ ಹೇಳಿದ. ಫಲ ಏನಾಯಿತು? ಸಾವಿರದ ನಾನೂರು ವರ್ಷಗಳ ಮೇಲೆ ಆ ಶಾಸನದ ಬಗ್ಗೆ ಸಾಹಿತ್ಯ ಚರಿತ್ರೆಗಳಲ್ಲಿ ಉಳಿದಿರುವುದು ಮುಖ್ಯವಾಗಿ ಎರಡು ಸಂಗತಿ. ಕಾಳಿದಾಸ ಭಾರವಿಯರು 634ಕ್ಕಿಂತ ಹಿಂದಿನವರು ಎಂಬ ಕಾಲನಿರ್ಣಯ, ಮತ್ತು ರವಿಕೀರ್ತಿ ನಿಜಕ್ಕೂ ಕಾಳಿದಾಸನಿಗೆ ಸಮವೇ ಎಂಬ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ‘ಅಲ್ಲ’ ಎಂದೇ ಇರಬಹುದು. ಆದರೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಹಡಗುಗಳನ್ನು ಅವನು ಮದದಾನೆಗಳ ಹಾಗೆ ಕಂಡದ್ದು, ಕೊಳದ ನೀರು ಯುದ್ಧದಲ್ಲಿ ಕೆಂಪಾದ ಚಿತ್ರ, ಹರ್ಷನ ಹೆಸರಿನ ಮೇಲೆ ಆಡಿದ ಕ್ರೂರ ಶ್ಲೇಷೆ ಇವೆಲ್ಲ ಆ ‘ಅಲ್ಲ’ದ ಕೆಳಗೆ ಹೂತುಹೋದವು. ಎಂಟುನೂರು ಕೇಳಿದ ಅಂಗಡಿಯಿಂದ ಸಿಟ್ಟು ಬಂದು ಎದ್ದು ಹೋದ ಗಿರಾಕಿಗಳ ಹಾಗೆ ನಾವು.

ಕನ್ನಡದಲ್ಲಿ ಗೂಟದ ಶಕ್ತಿಯನ್ನು ಚೆನ್ನಾಗಿ ಅರಿತು, ಅದರ ಜೊತೆ ಆಡಿದವನು ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುತ್ತಿದ್ದ ಮೇಷ್ಟ್ರು, ಆಮೇಲೆ ಕನ್ನಡ ಪಂಡಿತ. 1901ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ಕ್ಷಯದಿಂದ ತೀರಿಕೊಂಡ. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ ಈ ಮೂರನ್ನೂ ತನ್ನ ಹೆಸರಿನಲ್ಲಿ ಅವನು ಕೊಡಲಿಲ್ಲ. ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುತ್ತಿದ್ದ ಮೈಸೂರಿನ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ಗಳಿಗೆ, ಯಾರೋ ಪ್ರಾಚೀನ ಕವಿಯ ಕೃತಿಗಳೆಂಬಂತೆ ಕಳಿಸಿದ. ಮುದ್ದಣನೆಂದರೆ ಯಾರು ಎಂಬುದು ಕನ್ನಡದ ಓದುಗರಿಗೆ ಗಟ್ಟಿಯಾಗಿ ಗೊತ್ತಾಗುವ ಹೊತ್ತಿಗೆ ಅವನು ತೀರಿಹೋಗಿ ಬಹಳ ಕಾಲವಾಗಿತ್ತು.

ಇದನ್ನು ನಮ್ಮಲ್ಲಿ ಸಾಮಾನ್ಯವಾಗಿ ಸಂಕೋಚ ಎಂದು ವಿವರಿಸುತ್ತಾರೆ. ಹಳ್ಳಿಯ ಬಡ ಮೇಷ್ಟ್ರ ವಿನಯ. ನನಗೆ ಅದರಲ್ಲಿ ವಿನಯಕ್ಕಿಂತ ಲೆಕ್ಕಾಚಾರವೇ ಹೆಚ್ಚು ಕಾಣುತ್ತದೆ, ಮತ್ತು ಆ ಲೆಕ್ಕಾಚಾರದಲ್ಲಿ ತಪ್ಪೇನೂ ಕಾಣುವುದಿಲ್ಲ. ಆಗಿನ ವಿದ್ವತ್ತಿನ ಪೇಟೆಯಲ್ಲಿ ಡ್ರಿಲ್ ಮೇಷ್ಟ್ರ ಹಳಗನ್ನಡಕ್ಕೆ ಯಾವ ಬೆಲೆ ಸಿಗುತ್ತಿತ್ತು? ‘ಈ ಕಾಲದ ಹುಡುಗ ಹಳಗನ್ನಡ ಬರೆಯಲು ಹೊರಟಿದ್ದಾನೆ’ ಎಂಬ ಗೂಟಕ್ಕೆ ಬಿದ್ದರೆ ಪಂಡಿತರ ಕಣ್ಣು ಹುಡುಕುವುದು ದೋಷಗಳನ್ನು. ‘ಇದು ಹಳೆಯ ಕಾವ್ಯ’ ಎಂಬ ಗೂಟಕ್ಕೆ ಬಿದ್ದರೆ ಅದೇ ಕಣ್ಣು ಹುಡುಕುವುದು ಸೊಗಸನ್ನು. ದೋಷ ಕಂಡರೂ ಲಿಪಿಕಾರನ ತಲೆಗೆ ಕಟ್ಟಿ ಮುಂದೆ ಹೋಗುತ್ತದೆ. ಮುದ್ದಣ ತನ್ನ ಓದುಗರಿಗೆ ಮೊದಲು ಹೇಳಿದ್ದು ಒಂದು ಅಂಕಿಯನ್ನು, ಶತಮಾನದ ಅಂಕಿಯನ್ನು.

ತಮಾಷೆಯೆಂದರೆ ‘ರಾಮಾಶ್ವಮೇಧ’ದ ಒಳಗೆ ತನ್ನ ಕಾಲವನ್ನು ಅವನು ಬಚ್ಚಿಟ್ಟೇ ಇಲ್ಲ. ಮುದ್ದಣ ಮನೋರಮೆಯರ ಸಲ್ಲಾಪವನ್ನು ಓದಿದವರಿಗೆ ಗೊತ್ತು: ಮಳೆಗಾಲದ ಬೇಸರ ಕಳೆಯಲು ಹೆಂಡತಿ ಕತೆ ಕೇಳುತ್ತಾಳೆ, ಅದು ಯಾವ ಬಗೆಯಲ್ಲಿರಬೇಕೆಂದು ತಗಾದೆ ಮಾಡುತ್ತಾಳೆ, ಅರ್ಥವಾಗದ ಸಂಸ್ಕೃತ ಬಂದಾಗ ತಡೆದು ನಿಲ್ಲಿಸುತ್ತಾಳೆ, ಗಂಡನನ್ನು ಕೀಟಲೆ ಮಾಡುತ್ತಾಳೆ. ಪದ್ಯ ಬೇಡ, ಗದ್ಯ ಇರಲಿ ಎಂಬ ಆ ಬೇಡಿಕೆ ಯಾವ ಕಾಲದ್ದು? ಹಸ್ತಪ್ರತಿಯ ಹಣೆಪಟ್ಟಿಯನ್ನು ಪಕ್ಕಕ್ಕಿಟ್ಟು ಕಿವಿಗೊಟ್ಟಿದ್ದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಮನೆಯ ಜಗುಲಿ ಅಲ್ಲೇ ಕೇಳಿಸುತ್ತಿತ್ತು. ಇಂದಿನ ವಿದ್ಯಾರ್ಥಿಗಳು ಅದೇ ಸಲ್ಲಾಪವನ್ನು ‘ಹೊಸಗನ್ನಡದ ಮುಂಗೋಳಿ’ಯ ಪಠ್ಯವೆಂದು ಓದುತ್ತಾರೆ, ಮೊದಲ ಸಾಲಿನಿಂದಲೇ ಹೊಸತನವನ್ನು ಕಾಣುತ್ತಾರೆ. ಆ ಬಿರುದೂ ಒಂದು ಗೂಟವೇ. ಕೃತಿಯ ಹಳಗನ್ನಡದ ಬಿಗಿ, ಷಡಕ್ಷರಿ ಲಕ್ಷ್ಮೀಶರ ಕಡೆ ನೋಡುವ ಅದರ ಆಸೆ, ಯಕ್ಷಗಾನದ ಬಯಲಿನಿಂದ ಅದು ತಂದುಕೊಂಡ ಮಾತುಗಾರಿಕೆ ಇವು ಈಗ ಬೇಗ ಕಣ್ಣಿಗೆ ಬೀಳುವುದಿಲ್ಲ. ಒಂದೇ ಪುಸ್ತಕ, ಎರಡು ದಿನಾಂಕ, ಎರಡು ಓದು.

ಸಲ್ಲಾಪದಿಂದ ಮುನ್ನುಡಿಗೆ ಬರೋಣ. ಕನ್ನಡ ಪುಸ್ತಕಗಳ ಹಾಗೆ ಮುನ್ನುಡಿ, ಬೆನ್ನುಡಿ, ನಾಲ್ಕು ಮಾತು, ಹಾರೈಕೆ, ಆಶಯ ನುಡಿಗಳನ್ನು ಹೊತ್ತು ಹೊರಡುವ ಪುಸ್ತಕಗಳು ಬೇರೆ ಭಾಷೆಗಳಲ್ಲಿ ಎಷ್ಟಿವೆಯೋ. ಹೊಸ ಕವಿಯ ಮೊದಲ ಕವಿತೆ ತಲುಪುವ ಮೊದಲು ಹಿರಿಯರ ಇಪ್ಪತ್ತು ಪುಟ ದಾಟಬೇಕು. ಹೆಚ್ಚಿನವು ಹೇಗೂ ಮರೆತುಹೋಗುತ್ತವೆ. ಆದರೆ ಒಂದು ಮುನ್ನುಡಿ ಇಡೀ ಲೇಖಕನನ್ನೇ ಕಟ್ಟಿಹಾಕಿತು, ಅದೂ ಅವನೇ ಬರೆದ ಮುನ್ನುಡಿ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನಕ್ಕೆ ಪೂರ್ಣಚಂದ್ರ ತೇಜಸ್ವಿ ‘ಹೊಸ ದಿಗಂತದ ಕಡೆಗೆ’ ಎಂಬ ಮಾತುಗಳನ್ನು ಬರೆದರು. ನವ್ಯದ ದಾರಿ ಮುಗಿದಿದೆ ಎಂದರು. ತಮ್ಮನ್ನು ರೂಪಿಸಿದವರೆಂದು ಲೋಹಿಯಾ, ಕುವೆಂಪು, ಕಾರಂತ ಈ ಮೂವರನ್ನು ಹೆಸರಿಸಿದರು. ಅಲ್ಲಿಂದ ಮುಂದೆ ತೇಜಸ್ವಿ ಬಗ್ಗೆ ಬಂದ ಸೆಮಿನಾರು ಪ್ರಬಂಧಗಳನ್ನು ತೆಗೆದು ನೋಡಿ. ಲೋಹಿಯಾ ಎಲ್ಲಿ, ಕುವೆಂಪು ಎಷ್ಟು, ಕಾರಂತರು ಹೇಗೆ. ಹೆಕ್ಕುವ ಕೆಲಸ ಸೊಗಸಾಗಿ ನಡೆದಿದೆ. ಆದರೆ ‘ಕರ್ವಾಲೊ’ದ ನಗು ಎಲ್ಲಿಂದ ಬಂತು? ಕ್ಯಾಮೆರಾ ಹಿಡಿದು ಹಕ್ಕಿಗಾಗಿ ಗಂಟೆಗಟ್ಟಲೆ ಕಾದವನ ತಾಳ್ಮೆ ವಾಕ್ಯದ ನಡಿಗೆಯಲ್ಲಿ ಏನು ಮಾಡಿದೆ? ಸ್ಕೂಟರು ರಿಪೇರಿ ಮಾಡುವವನ ಕುತೂಹಲ ಕತೆಯ ಕಟ್ಟಡಕ್ಕೆ ಹೇಗೆ ಇಳಿದಿದೆ? ಆ ಮೂರು ಹೆಸರುಗಳ ಹಗ್ಗಕ್ಕೆ ಇವು ಎಟುಕುವುದಿಲ್ಲ. ತೇಜಸ್ವಿ ಅಂದು ಹೇಳಿದ್ದು ಸುಳ್ಳಲ್ಲ. 1973ರಲ್ಲಿ ನಿಂತು ಹೇಳಿದ್ದು, ಅಷ್ಟೆ.

ಪ್ರಶಸ್ತಿಯ ಅಂಕಿಗಳು ಇನ್ನೂ ಒರಟು ಗೂಟಗಳು. ಎಂಟು ಜ್ಞಾನಪೀಠ ಎಂಬ ಮಾತನ್ನು ಕನ್ನಡದ ಪ್ರತಿ ವೇದಿಕೆಯಲ್ಲೂ ಕೇಳಿದ್ದೇವೆ. ಬಹುಕಾಲ ಅದಕ್ಕೆ ‘ದೇಶದಲ್ಲೇ ಅತಿ ಹೆಚ್ಚು’ ಎಂಬ ಬಾಲವೂ ಇತ್ತು. ಹಿಂದಿ ನಮ್ಮನ್ನು ದಾಟಿ ಹೋದ ಮೇಲೂ ಬಾಲ ಪೂರ್ತಿ ಉದುರಿಲ್ಲ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಅನಂತಮೂರ್ತಿ, ಕಾರ್ನಾಡ್, ಕಂಬಾರ. ಈ ಎಂಟರಲ್ಲಿ ಒಬ್ಬ ಹೆಂಗಸಿಲ್ಲ ಎಂಬುದನ್ನು ಒಂದು ಕ್ಷಣ ನಿಂತು ನೋಡುವವರು ಕಡಿಮೆ. ಅಡಿಗ, ಪು.ತಿ.ನ., ತೇಜಸ್ವಿ, ಭೈರಪ್ಪ ಇವರ ಬಗ್ಗೆ ಮಾತು ಬಂದರೆ ‘ಜ್ಞಾನಪೀಠ ಬರಬೇಕಿತ್ತು’ ಎಂಬಲ್ಲಿಂದಲೇ ಹೊರಡುತ್ತದೆ, ಆ ಗೂಟ ಇಲ್ಲದೆ ಅವರನ್ನು ಅಳೆಯಲು ಬೇರೆ ಮೊಳವೇ ಇಲ್ಲವೇನೋ ಎಂಬಂತೆ.

ಹೆಚ್ಚು ಹಾನಿಯಾಗಿರುವುದು ಪ್ರಶಸ್ತಿ ಬಂದವರಿಗೇ ಎಂದು ನನ್ನ ಗುಮಾನಿ. ಬೇಂದ್ರೆಗೆ ಪ್ರಶಸ್ತಿ ಬಂದದ್ದು ‘ನಾಕು ತಂತಿ’ಯ ಹೆಸರಿನಲ್ಲಿ. ಹಾಗಾಗಿ ಬೇಂದ್ರೆಯನ್ನು ಓದಬೇಕೆಂದು ಹೊರಟ ಹುಡುಗಿ ಮೊದಲು ಕೈಗೆತ್ತಿಕೊಳ್ಳುವುದು ಅದನ್ನು. ಬೇಂದ್ರೆಯ ಕೊನೆಗಾಲದ, ಬಿಗಿಯಾದ, ಸಂಖ್ಯೆ ಮತ್ತು ತತ್ವದ ಗಂಟುಗಳಿರುವ ಕಾವ್ಯ. ಎರಡು ಪುಟ ಓದಿ, ಬೇಂದ್ರೆ ಕಷ್ಟ ಎಂಬ ಅಂದಾಜು ಹಾಕಿ ಮುಚ್ಚಿಡುತ್ತಾಳೆ. ‘ಗರಿ’ಯಿಂದಲೋ ‘ಸಖೀಗೀತ’ದಿಂದಲೋ ಶುರು ಮಾಡಿದ್ದರೆ ಅವಳು ‘ನಾಕು ತಂತಿ’ಗೆ ಬರುವ ಹೊತ್ತಿಗೆ ಕಿವಿ ಪಳಗಿರುತ್ತಿತ್ತು. ಕಾರಂತರ ಕತೆಯೂ ಅದೇ. ‘ಮೂಕಜ್ಜಿಯ ಕನಸುಗಳು’ ಅವರ ವಿಚಾರಗಳ ಮೂಟೆ. ಅಜ್ಜಿಯ ಬಾಯಲ್ಲಿ ಕಾರಂತರೇ ಮಾತಾಡುವುದು ಆಗಾಗ ಕೇಳುತ್ತದೆ. ‘ಮರಳಿ ಮಣ್ಣಿಗೆ’ಯ ಕಡಲ ದಂಡೆಯಲ್ಲಿ ಮೂರು ತಲೆಮಾರು ಬಾಳುವ ರೀತಿ, ಅಲ್ಲಿನ ಹೆಂಗಸರ ಮೂಕ ದುಡಿಮೆ, ಬೇರೆಯೇ ಕಾದಂಬರಿಕಾರನ ಕೆಲಸ. ಆದರೆ ಹಣೆಪಟ್ಟಿ ಇರುವುದು ಅಜ್ಜಿಯ ಮೇಲೆ. ಅಲ್ಲಿಂದ ಕಾರಂತರನ್ನು ಅಳೆಯಲು ಶುರು ಮಾಡಿದವರಿಗೆ ಅವರು ವಿಚಾರವಾದಿಯಾಗಿ ಬೇಗ ಸಿಗುತ್ತಾರೆ, ಕಾದಂಬರಿಕಾರರಾಗಿ ತಡವಾಗಿ.

ಭಾಷೆಯ ವಯಸ್ಸಿನ ಚರ್ಚೆಯಲ್ಲೂ ಇದೇ ಆಟ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನಕ್ಕೆ ಸುಮಾರು 450 ಎಂಬ ಕಾಲ ನಿಂತಿತು. ಆಮೇಲೆ ತಾಳಗುಂದದ ಸಿಂಹಕಟಾಂಜನ ಶಾಸನಕ್ಕೆ 370 ಎಂಬ ಅಂಕಿ ಬಂದಾಗ ಕನ್ನಡ ಎಂಬತ್ತು ವರ್ಷ ‘ಹಿಂದಕ್ಕೆ ಹೋಯಿತು’ ಎಂದು ಸುದ್ದಿಯಾಯಿತು. ಸಿಕ್ಕ ಕಲ್ಲಿನ ವಯಸ್ಸು ಸಿಗದ ಮಾತಿನ ವಯಸ್ಸಲ್ಲ ಎಂದು ಎಲ್ಲರಿಗೂ ಗೊತ್ತಿದ್ದರೂ ಲೆಕ್ಕ ಕಲ್ಲಿನಿಂದಲೇ ಹೊರಡುತ್ತದೆ. ವರ್ಷಗಳಿಗಿಂತ ಮುಖ್ಯವಾದದ್ದು ಶೈಲಿಯ ಅಂದಾಜು. ಹಲ್ಮಿಡಿಯ ಗದ್ಯ ಸಂಸ್ಕೃತದಿಂದ ತುಂಬಿದೆ, ಆದ್ದರಿಂದ ಆದಿಯ ಕನ್ನಡವೇ ಹಾಗಿತ್ತು ಎಂಬ ತೀರ್ಮಾನ ಸಲೀಸಾಗಿ ಬಂದುಬಿಡುತ್ತದೆ. ಅದು ಶಾಸನ ಬರೆಸಿದ ಆಸ್ಥಾನದ ಕನ್ನಡ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿಗಳನ್ನು ಮೊದಲು ಓದಿ ಆಮೇಲೆ ಹಲ್ಮಿಡಿಗೆ ಬಂದವರಿಗೆ ಹಲ್ಮಿಡಿಯೇ ವಿಚಿತ್ರವಾಗಿ ಕಾಣುತ್ತದೆ.

ಗೂಟ ಕೆಲವೊಮ್ಮೆ ವ್ಯಾಕರಣದಲ್ಲೇ ಕಾಣುತ್ತದೆ. ಕನ್ನಡದಲ್ಲಿ ‘ಆಗಿದ್ದೂ’ ಎಂಬ ರೂಪ ಇದೆಯಲ್ಲ, ಆ ಕೊನೆಯ ‘ಊ’. ‘ಮುಸ್ಲಿಮರಾಗಿದ್ದೂ ಎಂಥ ಕನ್ನಡ!’ ಕೆ.ಎಸ್. ನಿಸಾರ್ ಅಹಮದ್ ಅವರನ್ನು ಎಷ್ಟು ವೇದಿಕೆಗಳಲ್ಲಿ ಈ ‘ಊ’ ಹಾಕಿ ಹೊಗಳಿದ್ದಾರೆ! ಹೊಗಳುವವರ ಮನಸ್ಸಿನಲ್ಲಿ ಮೊದಲು ಒಂದು ಕಡಿಮೆ ಅಂಕಿ ಇದೆ, ಕವಿ ಅದನ್ನು ಮೀರಿದ ಎಂಬ ಸಂತೋಷ ಇದೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅದನ್ನು ಹೇಳುವಾಗ ನಮ್ಮ ದನಿಯಲ್ಲಿ ಹೆಮ್ಮೆ ಇರುತ್ತದೆ, ಬೆರಗು ಇರುವುದಿಲ್ಲ. ಅವರು ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತಾರೆ ಎಂಬುದು ನಮ್ಮ ಆರಂಭದ ಅಂಕಿಯಲ್ಲೇ ಸೇರಿದೆ. ಕಂಟೋನ್ಮೆಂಟಿಗೂ ಇದೇ ‘ಊ’ ಅಂಟಿಕೊಂಡಿದೆ. ಬೆಂಗಳೂರಿನ ಸಾಹಿತ್ಯದ ನಕ್ಷೆ ಎಂದರೆ ಗಾಂಧಿಬಜಾರು, ಬಸವನಗುಡಿ, ಚಾಮರಾಜಪೇಟೆಯ ಪರಿಷತ್ತು. ಅಲ್ಲಿಂದ ಅಳತೆಪಟ್ಟಿ ಹಿಡಿದು ಹೊರಟವರಿಗೆ ಕೋಲ್ಸ್ ಪಾರ್ಕು ಬಹಳ ದೂರ. 1949ರಲ್ಲಿ ನಗರವೂ ದಂಡು ಪ್ರದೇಶವೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದವು, ಓದುಗರ ತಲೆಯಲ್ಲಿ ಬಂದಿಲ್ಲ.

ಬಾನು ಮುಷ್ತಾಕ್ ಅವರ ವಿಷಯದಲ್ಲಿ ಈ ಎಲ್ಲ ಗೂಟಗಳೂ ಒಂದೇ ಅಂಗಳದಲ್ಲಿ ಸೇರಿದವು. ಹಾಸನದ ಈ ವಕೀಲೆ ಬಂಡಾಯದ ಕಾಲದಿಂದ ಬರೆಯುತ್ತಿದ್ದವರು. ಅವರ ‘ಕರಿ ನಾಗರಗಳು’ ಕತೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿದ್ದರು. ಆದರೂ ಬಹಳ ಕಾಲ ವಿಮರ್ಶೆ ಅವರನ್ನು ಇಟ್ಟಿದ್ದು ಸಾರಾ ಅಬೂಬಕ್ಕರ್ ಅವರ ಪಕ್ಕದಲ್ಲಿ, ‘ಮುಸ್ಲಿಂ ಸಂವೇದನೆ’ ಎಂಬ ಕಪಾಟಿನಲ್ಲಿ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲ ಸಲ. ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ರಾತ್ರಿ ಬೆಳಗಾಗುವುದರಲ್ಲಿ ಗೂಟ ಕಿತ್ತು ಬೇರೆ ಕಡೆ ನೆಟ್ಟಂತಾಯಿತು. ಈಗ ಎಲ್ಲರ ಪ್ರಶ್ನೆ ಒಂದೇ: ಈ ಕತೆಗಳು ಬೂಕರ್ ಮಟ್ಟದವೇ?

ಈ ಪ್ರಶ್ನೆಯ ರೂಪವನ್ನು ಗಮನಿಸಿ. ಗಾಂಧಿ 140ಕ್ಕೆ ಮೊದಲೋ ಆಮೇಲೋ ಎಂಬುದರದೇ ರೂಪ. ಹೌದು ಅನ್ನುವವರು ಆ ಎತ್ತರಕ್ಕೆ ತಕ್ಕ ಸಾಕ್ಷಿ ಹೆಕ್ಕುತ್ತಾರೆ: ಜಾಗತಿಕ, ಸಾರ್ವತ್ರಿಕ. ಅಲ್ಲ ಅನ್ನುವವರು ಸರಿದು ಸರಿದು ‘ವರದಿಗಾರಿಕೆಯ ಶೈಲಿ’ ಎಂಬಲ್ಲಿ ನಿಲ್ಲುತ್ತಾರೆ. ಹಿಂದೆ ಕಪಾಟಿನಲ್ಲಿಟ್ಟವರೂ ಈಗ ಪೀಠದ ಮೇಲಿಟ್ಟವರೂ 1990ರಿಂದ 2023ರವರೆಗೆ ಹರಡಿಕೊಂಡ ಹನ್ನೆರಡು ಕತೆಗಳನ್ನು ಒಂದೇ ಬೆಲೆಯ ಒಂದೇ ಮೂಟೆಯಾಗಿ ನೋಡುತ್ತಿದ್ದಾರೆ. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಜಗಳ ಕೋರ್ಟಿನ ಮೆಟ್ಟಿಲೇರಿತು. ಆ ತಿಂಗಳುಗಳಲ್ಲಿ ಕನ್ನಡದಲ್ಲಿ ಅವರ ಹೆಸರು ಬಂದಷ್ಟು ಸಲ ಅವರ ಒಂದು ಪಾತ್ರದ ಹೆಸರೂ ಬರಲಿಲ್ಲ.

ತಜ್ಞರಿಗೆ ಇದೆಲ್ಲ ತಟ್ಟುವುದಿಲ್ಲ ಎಂದುಕೊಳ್ಳುವುದಕ್ಕೆ ಆಧಾರವಿಲ್ಲ. 1987ರಲ್ಲಿ ಅಮೆರಿಕದ ಟೂಸಾನ್ ಊರಿನಲ್ಲಿ ಮನೆ ದಲ್ಲಾಳಿಗಳಿಗೆ ಒಂದೇ ಮನೆ ತೋರಿಸಿ ಬೇರೆ ಬೇರೆ ಕೇಳುಬೆಲೆ ಹೇಳಿದಾಗ, ಅವರು ಕಟ್ಟಿದ ಬೆಲೆಯೂ ಅದರ ಹಿಂದೆಯೇ ಹೋಯಿತು. ಕೇಳುಬೆಲೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದು ಹೆಚ್ಚಿನವರು ಹೇಳಿದರು. 2006ರಲ್ಲಿ ಪ್ರಕಟವಾದ ಜರ್ಮನಿಯ ಇನ್ನೊಂದು ಪ್ರಯೋಗದಲ್ಲಿ ಕಾನೂನು ವೃತ್ತಿಯವರ ಕೈಗೇ ದಾಳ ಕೊಟ್ಟರು; ಅದು 3 ಅಥವಾ 9 ಮಾತ್ರ ಬೀಳುವ ಮೋಸದ ದಾಳ. ಅಂಗಡಿ ಕಳ್ಳತನದ ಒಂದೇ ಪ್ರಕರಣಕ್ಕೆ 3 ಬಿದ್ದವರು ಸುಮಾರು 5 ತಿಂಗಳು, 9 ಬಿದ್ದವರು ಸುಮಾರು 8 ತಿಂಗಳು ಶಿಕ್ಷೆ ಹೇಳಿದರು. ಕವಿತೆಯ ತೀರ್ಪುಗಾರರು ಇವರಿಗಿಂತ ಗಟ್ಟಿಗರೇನಲ್ಲ. ನಮ್ಮ ವಿಶ್ವವಿದ್ಯಾಲಯಗಳು ಉತ್ತರ ಪತ್ರಿಕೆಯ ವಿಷಯದಲ್ಲಿ ಇದನ್ನು ಅರಿತಿವೆ, ಎರಡನೆಯ ಮೌಲ್ಯಮಾಪಕರಿಗೆ ಮೊದಲನೆಯವರ ಅಂಕ ಕಾಣದ ಹಾಗೆ ಮಾಡುವುದು ಅದಕ್ಕೇ. ಐ.ಎ. ರಿಚರ್ಡ್ಸ್ ಕೇಂಬ್ರಿಡ್ಜಿನಲ್ಲಿ ಕವಿಗಳ ಹೆಸರು ಅಳಿಸಿ ಕವಿತೆಗಳನ್ನು ಹಂಚಿ, ವಿದ್ಯಾರ್ಥಿಗಳು ಬರೆದದ್ದನ್ನು 1929ರಲ್ಲಿ ಪುಸ್ತಕ ಮಾಡಿದ. ಹೆಸರು ತೆಗೆದ ಕೂಡಲೇ ಓದು ಶುದ್ಧವಾಗಲಿಲ್ಲ. ಜನ ಬೇರೆ ಗೂಟ ಹುಡುಕಿಕೊಂಡರು, ಪ್ರಾಸವೋ ವಸ್ತುವೋ ಯಾವುದೋ ಒಂದು.

ಹಾಗಾದರೆ ಹೋಲಿಕೆಯನ್ನೇ ಬಿಡಬೇಕೆ? ಅದು ಆಗದ ಕೆಲಸ, ಆಗಬಾರದ್ದೂ ಹೌದು. ಪಂಪನನ್ನು ಮರೆತು ರನ್ನನನ್ನು ಓದಲು ಬರುವುದಿಲ್ಲ. ಸ್ವಲ್ಪ ಕೆಲಸ ಮಾಡುವುದು ಎದುರು ಪ್ರಶ್ನೆ. ಮುಸ್ಸ್ವೈಲರ್ ಮತ್ತು ಸಂಗಡಿಗರು ಹಳೆಯ ಕಾರಿಗೆ ಬೆಲೆ ಹೇಳುವ ಮೆಕ್ಯಾನಿಕ್‌ಗಳ ಬಳಿ, ‘ಈ ಕೇಳುಬೆಲೆ ಯಾಕೆ ಸರಿ ಇರಲಿಕ್ಕಿಲ್ಲ?’ ಎಂದು ಕಾರಣಗಳನ್ನು ಹೇಳಿಸಿದಾಗ ಗೂಟದ ಎಳೆತ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ವಿಮರ್ಶೆಯಲ್ಲಿ ಇದರ ಅರ್ಥ, ‘ಬೂಕರ್ ಮಟ್ಟವೇ’ ಎಂದು ಕೇಳುವ ಬದಲು ಬೂಕರ್ ತೀರ್ಪುಗಾರರ ಕಣ್ಣಿಗೆ ಬೀಳಲು ಸಾಧ್ಯವೇ ಇಲ್ಲದ್ದು ಈ ಕತೆಗಳಲ್ಲಿ ಏನಿದೆ ಎಂದು ಕೇಳುವುದು. ಅದಕ್ಕೆ ಉತ್ತರ ಕೊಡಬಲ್ಲವರು ಕನ್ನಡದ ಓದುಗರು ಮಾತ್ರ.

‘ಹಾರ್ಟ್ ಲ್ಯಾಂಪ್’ನ ಮೊದಲ ಕತೆಯನ್ನೇ ತೆಗೆದುಕೊಳ್ಳಿ. ಕತೆ ಹೇಳುವ ಜೀನತ್ ಗಂಡನನ್ನು ಪರಿಚಯಿಸಬೇಕು. ಏನೆಂದು ಕರೆಯಬೇಕು ಎಂಬಲ್ಲೇ ತಡವರಿಸುತ್ತಾಳೆ. ಯಜಮಾನರು ಅನ್ನೋಣವೆಂದರೆ ತಾನು ಆಳಾಗುತ್ತಾಳೆ. ಇನ್ನೊಂದು ಮಾತು ಹಿಡಿದರೆ ಅದರದ್ದು ಇನ್ನೊಂದು ತೊಡಕು. ಒಂದೊಂದು ಶಬ್ದವನ್ನೂ ಎತ್ತಿ, ಅದು ತನ್ನನ್ನು ಎಲ್ಲಿ ಕಟ್ಟಿಹಾಕುತ್ತದೆ ಎಂದು ನೋಡಿ ಕೆಳಗಿಡುತ್ತಾಳೆ. ಇಂಗ್ಲಿಷಿನಲ್ಲಿ ಓದಿದವರಿಗೆ ಇದು ನಗೆಹನಿ, ಸ್ವಲ್ಪ ಸ್ತ್ರೀವಾದ. ‘ನಮ್ಮ ಯಜಮಾನರು’, ‘ನಮ್ಮನೆಯವರು’ ಎಂಬ ಮಾತುಗಳನ್ನು ದಿನವೂ ಆಡುವ, ಕೇಳುವ ಮನೆಗಳಲ್ಲಿ ಬೆಳೆದವರಿಗೆ ಅದರ ಪ್ರತಿ ಶಬ್ದದ ತೂಕ ಗೊತ್ತು. ಅದು ಹಿಂದೂ ಮನೆ, ಮುಸ್ಲಿಂ ಮನೆ ಎಂದು ಕಪಾಟು ನೋಡುವುದಿಲ್ಲ ಎಂಬುದೂ ಗೊತ್ತು. ಇದಾದ ಮೇಲೆ ಇಫ್ತಿಕಾರ್ ಎಂಬ ಗಂಡಸು ಹೆಂಡತಿ ಶಾಯಿಸ್ತಾಳನ್ನು ಹೊಗಳಲು ಶಾಹಜಹಾನನನ್ನೇ ಎಳೆದು ತರುತ್ತಾನೆ, ಅವಳಿಗಾಗಿ ಮಹಲು ಕಟ್ಟುವ ಮಾತಾಡುತ್ತಾನೆ. ಅಷ್ಟು ದೊಡ್ಡ ಬೆಲೆ ಮೊದಲೇ ಕೇಳಿಬಿಟ್ಟಿದ್ದರಿಂದ ಸುತ್ತಲಿನವರು ಅವನ ಪ್ರೀತಿಯನ್ನು ಅಳೆಯುವುದು ಅಲ್ಲಿಂದ ಕೆಳಕ್ಕೆ. ಅವಳು ಹೆರಿಗೆಯ ಮೇಲೆ ಹೆರಿಗೆಯಾಗಿ ಸೊರಗುತ್ತಿರುವುದು, ಓದು ಬಿಟ್ಟ ಹಿರಿಮಗಳು ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ಅದೇ ಮನೆಯಲ್ಲಿ, ಅದೇ ಕತೆಯಲ್ಲಿ, ಎಲ್ಲರ ಕಣ್ಣ ಮುಂದೆ ಇದೆ.